ಕೀಮೋ ನಡೆಯುವಾಗ ವಿಟಮಿನ್ ಮಾತ್ರೆ ಕೊಡಬಹುದಾ? ಅನ್ನ, ಬೆಲ್ಲ ಬಿಡಿಸಬೇಕಾ?

ನೀವು ಕೇಳಿದ್ದು ಇಷ್ಟು. ತಾಯಿಗೆ 56 ವರ್ಷ, ಸ್ತನದ ಕ್ಯಾನ್ಸರ್, ಎರಡು ಕೀಮೋ ಆಗಿವೆ. ಶುಗರ್ ಕಾಯಿಲೆ ಇಲ್ಲ. ಬಂಧುಗಳು ವಿಟಮಿನ್ ಸಿ, ವಿಟಮಿನ್ ಇ, ಒಂದು ಮಲ್ಟಿವಿಟಮಿನ್, ಅರಿಶಿನದ ಕ್ಯಾಪ್ಸೂಲ್ ತಂದಿಟ್ಟಿದ್ದಾರೆ. ಅನ್ನ, ಬೆಲ್ಲ ಬಿಡಿಸಿದರೆ ಗಡ್ಡೆ ತಾನೇ ಒಣಗುತ್ತದೆ ಎಂದೂ ಹೇಳುತ್ತಿದ್ದಾರೆ. ಕೊಡಲಾ, ಬಿಡಿಸಲಾ ಎಂದು ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಇವತ್ತೇ ಬೇಕಾಗಿದೆ. ಅನ್ನ ಬಿಡಿಸಬೇಡಿ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ತೋರಿಸದೆ ಒಂದು ಡಬ್ಬಿಯನ್ನೂ ತೆರೆಯಬೇಡಿ. ಕಾರಣ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಾನು ಡಾಕ್ಟರ್ ಅಲ್ಲ. ಸಿಂಧನೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟಿರುವ ಫಾರ್ಮಸಿಸ್ಟ್. ಆರು ವರ್ಷದ ಹಿಂದೆ ನಮ್ಮ ಅಕ್ಕನಿಗೂ ಇದೇ ಕಾಯಿಲೆ ಬಂತು. ರಾಯಚೂರಿನ ಮೇಲೆ ಹೈದರಾಬಾದಿಗೆ ಓಡಾಡಿ ಚಿಕಿತ್ಸೆ ಮಾಡಿಸಿದೆವು. ಮೊದಲ ಕೀಮೋ ಆದ ಮೇಲೆ ಅಕ್ಕ ಊಟವನ್ನೇ ಬಿಟ್ಟಳು. "ನಾಲಿಗಿಗೆ ಏನೂ ರುಚಿ ಹತ್ತವಲ್ದು ತಮ್ಮಾ" ಎನ್ನುತ್ತಿದ್ದಳು. 54 ಕೆಜಿ ಇದ್ದವಳು 48ಕ್ಕೆ ಇಳಿದಳು. ನನಗೆ ನೋಡಲಾಗಲಿಲ್ಲ. ಅಂಗಡಿ ನನ್ನದೇ ಇತ್ತು. ಇದು ಶಕ್ತಿಗೆ, ಇದು ರಕ್ತಕ್ಕೆ, ಇದು ರೋಗ ತಡೆಯುವುದಕ್ಕೆ ಎಂದು ಒಂದೊಂದೇ ಡಬ್ಬಿ ಕಪಾಟಿನಿಂದ ತೆಗೆದು ಮನೆಗೆ ಒಯ್ದೆ.

ಮೂರನೇ ಕೀಮೋಗೆ ಹೋದಾಗ ಅಲ್ಲಿನ ನರ್ಸ್ ಕೇಳಿದರು: "ನಾವು ಬರೆದದ್ದು ಬಿಟ್ಟು ಬೇರೆ ಏನಾದರೂ ತಗೋತಿದ್ದಾರಾ?" ನಾನು ಚೀಲ ತೆರೆದು ತೋರಿಸಿದೆ. ಏಳು ಡಬ್ಬಿ. ಡಾಕ್ಟರ್ ಒಂದೊಂದನ್ನೂ ತಿರುಗಿಸಿ ಓದಿದರು. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನು ಬಲಗಡೆ ಇಟ್ಟರು. ರಕ್ತಪರೀಕ್ಷೆಯಲ್ಲಿ ಅಕ್ಕನಿಗೆ ವಿಟಮಿನ್ ಡಿ ಕಡಿಮೆ ಬಂದಿತ್ತು. ಉಳಿದ ಐದನ್ನು ಎಡಗಡೆ ಸರಿಸಿ, "ಇವು ಚಿಕಿತ್ಸೆ ಮುಗಿಯೋವರೆಗೂ ಬೇಡ" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತೇನೋ. ಮಾತ್ರೆ ಮಾರುವವನಾಗಿ ನನಗೇ ಇದು ಗೊತ್ತಿರಲಿಲ್ಲವಲ್ಲ ಎಂಬ ಸಂಕಟಕ್ಕೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ವಿಟಮಿನ್ ಅಂದರೆ ಒಳ್ಳೆಯದು, ಜಾಸ್ತಿ ತಗೊಂಡರೆ ಜಾಸ್ತಿ ಒಳ್ಳೆಯದು ಎಂದು ನಾವು ನಂಬಿದ್ದೇವೆ, ಅಲ್ವಾ? ಆದರೆ ಹೊಟ್ಟೆಗೆ ಹೋದ ವಿಟಮಿನ್ನು ಒಳ್ಳೆಯ ಜೀವಕೋಶ ಯಾವುದು, ಕ್ಯಾನ್ಸರ್ ಕೋಶ ಯಾವುದು ಎಂದು ಕೇಳಿಕೊಂಡು ಹೋಗುವುದಿಲ್ಲ. ನಮ್ಮ ಕಡೆ ಎಡದಂಡೆ ಕಾಲುವೆ ನೀರಿಗೆ ಭತ್ತ ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ಕಸ ತೆಗೆಯದೆ ಗದ್ದೆಗೆ ಯೂರಿಯಾ ಚೆಲ್ಲಿದರೆ ಭತ್ತಕ್ಕಿಂತ ಮುಂಚೆ ಕಸವೇ ಎದ್ದು ನಿಲ್ಲುತ್ತದೆ.

ಇದು ಬರೀ ಹೋಲಿಕೆ ಅಲ್ಲ, ನಿಜವಾಗಿ ನಡೆದದ್ದು. ಫೋಲಿಕ್ ಆಸಿಡ್ ಮಾತ್ರೆಯ ಕಥೆ ಅದು. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಜೊತೆ ಕೊಡುತ್ತಾರಲ್ಲ, ಅದೇ ಮಾತ್ರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ಡಾಕ್ಟರ್ ಬೊಂಬಾಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರಿಗೆ ವಿಪರೀತ ರಕ್ತಹೀನತೆ ಇತ್ತು. ಯೀಸ್ಟಿನ ಸಾರದಿಂದ ಮಾಡಿದ ಮಾರ್ಮೈಟ್ ತಿನ್ನಿಸಿ ನೋಡಿದರು. ರಕ್ತ ತುಂಬಿಕೊಂಡಿತು. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹತ್ತು ವರ್ಷದ ನಂತರ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದೇ ಸತ್ವವನ್ನು ತೆಗೆದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. ಹಾಗಾಗಿ ಫೋಲಿಕ್ ಆಸಿಡ್ ಎಂದು ಹೆಸರಾಯಿತು.

ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ ತಂಡದ ಮುಖ್ಯಸ್ಥರು ಯಾರು ಗೊತ್ತಾ? ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆ ನಡೆಸುತ್ತಿದ್ದರು. ಆಗ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳನ್ನು ನೋಡುತ್ತಿದ್ದರು. ಆ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ರಕ್ತಹೀನತೆಗೆ ಆಗುವ ವಿಟಮಿನ್ ಇವರಿಗೂ ಆಗಬಹುದು ಎಂದು ಫೋಲಿಕ್ ಆಸಿಡ್ ಜಾತಿಯ ಔಷಧ ಕೊಟ್ಟರು. ಕ್ಯಾನ್ಸರ್ ಇನ್ನೂ ಜೋರಾಗಿ ಬೆಳೆಯಿತು.

ಫಾರ್ಬರ್ ಇದನ್ನು ಮುಚ್ಚಿಡಲಿಲ್ಲ. ತಿರುಗಿಸಿ ಯೋಚಿಸಿದರು. ಇದು ಕ್ಯಾನ್ಸರಿಗೆ ಗೊಬ್ಬರವಾದರೆ, ಇದನ್ನು ತಡೆಯುವ ವಸ್ತು ಕೊಟ್ಟರೆ? ಸುಬ್ಬರಾವ್ ಅವರ ಪ್ರಯೋಗಾಲಯದಿಂದಲೇ ಅಮಿನಾಪ್ಟೆರಿನ್ ಬಂತು. ನೋಡಲು ಫೋಲಿಕ್ ಆಸಿಡ್ಡಿನ ಹಾಗೇ ಇರುತ್ತದೆ, ಆದರೆ ಅದರ ಕೆಲಸ ಮಾಡುವುದಿಲ್ಲ, ಅದರ ಜಾಗ ಹಿಡಿದು ಕೂರುತ್ತದೆ. 1948ರಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲವಾದರೂ ಹಿಂದೆ ಸರಿದಿತ್ತು. ಅದರ ತಮ್ಮನಂಥ ಔಷಧ ಮೆಥೊಟ್ರೆಕ್ಸೇಟ್ ಇವತ್ತಿಗೂ ನನ್ನ ಅಂಗಡಿಯಲ್ಲಿದೆ. ಕೀಲುವಾತದವರು ವಾರಕ್ಕೊಮ್ಮೆ ನುಂಗುತ್ತಾರೆ. ಸುಬ್ಬರಾವ್ ಅದೇ 1948ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಕೀಮೋದ ಮೊದಮೊದಲ ಔಷಧಗಳಲ್ಲಿ ಒಂದು ಹುಟ್ಟಿದ್ದು ಹೀಗೆ, ಒಂದು ವಿಟಮಿನ್ ಕ್ಯಾನ್ಸರನ್ನು ಬೆಳೆಸಿತು ಎಂಬ ಪಾಠದಿಂದ. ಕೋಶ ಒಂದು ಎರಡಾಗಬೇಕಾದರೆ ತನ್ನ ಡಿಎನ್‌ಎಗೆ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಫೋಲೇಟ್, ಅಂದರೆ ಫೋಲಿಕ್ ಆಸಿಡ್ ಜಾತಿಯ ವಿಟಮಿನ್, ಬೇಕೇ ಬೇಕು. ಬೇಗ ಬೇಗ ಎರಡಾಗುವ ಕೋಶಕ್ಕೆ ಇನ್ನೂ ಜಾಸ್ತಿ ಬೇಕು.

ಇದನ್ನು ಓದಿ ತಾಯಿಗೆ ಸೊಪ್ಪು ಬಿಡಿಸಬೇಡಿ ಮತ್ತೆ! ಪುಂಡಿಪಲ್ಯ, ರಾಜಗಿರಿ, ಮೆಂತ್ಯದಲ್ಲಿ ಇರುವ ಫೋಲೇಟ್ ಬೇರೆ ಲೆಕ್ಕ. ಒಬ್ಬರಿಗೆ ದಿನಕ್ಕೆ ಬೇಕಾದದ್ದು ಕೆಲವು ನೂರು ಮೈಕ್ರೋಗ್ರಾಂ. ನನ್ನ ಅಂಗಡಿಯಲ್ಲಿ ದಿನಾ ಹೋಗುವ ಮಾತ್ರೆ 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ. ಊಟದಿಂದ ಅಷ್ಟು ತಿನ್ನಲು ಯಾರಿಂದಲೂ ಆಗುವುದಿಲ್ಲ. ಮಾತ್ರೆಗೂ ತಟ್ಟೆಗೂ ಇರುವ ಈ ಅಂತರ ನೆನಪಿಡಿ. ಮುಂದೆ ಹೇಳುವುದೆಲ್ಲ ಮಾತ್ರೆಯ ಮಾತು.

ನಿಮ್ಮ ಬಂಧುಗಳು ತಂದ ವಿಟಮಿನ್ ಸಿ ಮತ್ತು ಇ ಎರಡೂ ಆಂಟಿಆಕ್ಸಿಡೆಂಟ್, ಅಂದರೆ ಕೋಶದೊಳಗೆ ಆಮ್ಲಜನಕದಿಂದ ಆಗುವ ಹಾನಿಯನ್ನು ತಡೆಯುವ ವಸ್ತು. ಡಬ್ಬಿಯ ಮೇಲೆ ಆ ಪದ ದೊಡ್ಡದಾಗಿ ಬರೆದಿರುತ್ತದೆ. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಕೆಲವು ಕ್ಯಾನ್ಸರ್ ಕಡಿಮೆ ಎಂದು ಮೊದಲೇ ಕಂಡಿತ್ತು. ಹಾಗಾದರೆ ಅದರಲ್ಲಿರುವ ಸತ್ವವನ್ನೇ ಮಾತ್ರೆ ಮಾಡಿ ಕೊಡೋಣ ಎಂದು ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಸಿದರು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ದಿನಕ್ಕೆ 20 ಮಿಲಿಗ್ರಾಂ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಆಗಿತ್ತು. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಯುತ್ತಿದ್ದ ಇಂಥದ್ದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ಶೇ 28 ಜಾಸ್ತಿ.

ವಿಟಮಿನ್ ಇ ಕಥೆಯೂ ಇದೇ. ಅಮೆರಿಕ, ಕೆನಡಾ ಕಡೆ 35 ಸಾವಿರ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲೆಂದು ದಿನಕ್ಕೆ 400 ಯೂನಿಟ್ ವಿಟಮಿನ್ ಇ ಅಥವಾ ಸೆಲೆನಿಯಂ ಕೊಟ್ಟರು. 2011ರ ಲೆಕ್ಕದಲ್ಲಿ ಬರೀ ವಿಟಮಿನ್ ಇ ತಗೊಂಡವರಿಗೆ ಆ ಕ್ಯಾನ್ಸರ್ ಶೇ 17 ಜಾಸ್ತಿ ಬಂದಿತ್ತು. ಕೂದಲಿಗೆ, ಮುಖಕ್ಕೆ ಎಂದು ಜನ ಚೀಟಿ ಇಲ್ಲದೆ ಕೇಳಿ ಒಯ್ಯುವ ಆ ಹಸಿರು ಕ್ಯಾಪ್ಸೂಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಡೋಸ್ ಇರುತ್ತದೆ. ಈಗ ನಾನು ಅದನ್ನು ಕೊಡುವ ಮುಂಚೆ ಎರಡು ಮಾತು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಹೀಗೆ ಯಾಕಾಗುತ್ತದೆ? ಸ್ವೀಡನ್ನಿನ ವಿಜ್ಞಾನಿಗಳು 2014ರಲ್ಲಿ ಇಲಿಗಳಲ್ಲಿ ನೋಡಿದರು. ಗಡ್ಡೆಯ ಕೋಶ ವೇಗವಾಗಿ ಬೆಳೆಯುವಾಗ ಒಳಗೇ ಒಂಥರ ಬಿಸಿ, ಹೊಗೆ ಏಳುತ್ತದೆ ಎಂದುಕೊಳ್ಳಿ. ಅದು ಜಾಸ್ತಿಯಾದರೆ ಪಿ53 ಎಂಬ ಕಾವಲು ಪ್ರೋಟೀನ್ ಎಚ್ಚೆತ್ತು ಆ ಕೋಶವನ್ನು ತಡೆಯುತ್ತದೆ. ವಿಟಮಿನ್ ಇ ಕೊಟ್ಟಾಗ ಆ ಹೊಗೆ ಕಡಿಮೆಯಾಯಿತು. ಕಾವಲುಗಾರ ಏಳಲೇ ಇಲ್ಲ. ಶ್ವಾಸಕೋಶದ ಗಡ್ಡೆ ಬೇಗ ಬೆಳೆಯಿತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗಬೇಕೆಂದಿಲ್ಲ, ಆದರೆ ಮೇಲಿನ ಪ್ರಯೋಗಗಳ ಜೊತೆ ಇಟ್ಟು ನೋಡಿದರೆ ನನಗೆ ಭಯವಾಗುತ್ತದೆ. ಇನ್ನು ರೇಡಿಯೇಷನ್ ಮತ್ತು ಕೆಲವು ಕೀಮೋ ಔಷಧಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದಕ್ಕೆ ಅದೇ ಹೊಗೆಯನ್ನು ಬಳಸಿಕೊಳ್ಳುತ್ತವೆ. ಡಾಕ್ಟರ್ ಬೆಂಕಿ ಹಚ್ಚುತ್ತಿರುವಾಗ ನಾವು ಹಿಂದಿನಿಂದ ನೀರು ಹಾಕಿದ ಹಾಗೆ ಆಗಬಾರದು.

ನಿಮ್ಮ ತಾಯಿಗೆ ಹತ್ತಿರದ ಅಧ್ಯಯನವೂ ಒಂದಿದೆ. ಅಮೆರಿಕದಲ್ಲಿ ಕೀಮೋ ತಗೊಂಡ 1,134 ಸ್ತನ ಕ್ಯಾನ್ಸರ್ ರೋಗಿಗಳನ್ನು ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿ, ವರ್ಷಗಟ್ಟಲೆ ಗಮನಿಸಿದರು. ಕೀಮೋಗೆ ಮುಂಚೆಯೂ ಕೀಮೋ ನಡೆಯುವಾಗಲೂ ಬಿ12 ನುಂಗಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಜಾಸ್ತಿ ಕಂಡಿತು. ಕಬ್ಬಿಣದ ಮಾತ್ರೆಯಲ್ಲೂ ಹಾಗೇ. ಆಂಟಿಆಕ್ಸಿಡೆಂಟ್‌ನವರಲ್ಲೂ ಅದೇ ಕಡೆಗೆ ವಾಲಿತ್ತು, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ಸಾಧಾರಣ ಮಲ್ಟಿವಿಟಮಿನ್‌ನಿಂದ ವ್ಯತ್ಯಾಸ ಕಾಣಲಿಲ್ಲ. ಇದು ಬರೀ ಗಮನಿಸಿ ನೋಡಿದ ಅಧ್ಯಯನ. ಮಾತ್ರೆಯೇ ಕಾರಣ ಎಂದು ಇದರಿಂದ ಹೇಳಲಾಗುವುದಿಲ್ಲ. ಆದರೂ ಕೇಳಿಯೇ ಕೊಡಬೇಕು ಎನ್ನಲು ಇಷ್ಟು ಸಾಕು ಅಲ್ವಾ?

ಹಾಗಂತ ಆಸ್ಪತ್ರೆಯವರು ಬರೆದುಕೊಟ್ಟ ವಿಟಮಿನ್ ನಿಲ್ಲಿಸಿಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್ ಜೊತೆ ಫೋಲಿಕ್ ಆಸಿಡ್, ಬಿ12 ಕೊಡಲೇಬೇಕು. ಇಲ್ಲದಿದ್ದರೆ ಔಷಧದ ವಿಷ ರೋಗಿಯನ್ನೇ ಹಣ್ಣು ಮಾಡುತ್ತದೆ. ಅದೇ ಕ್ಯಾಪೆಸೈಟಬಿನ್ ಎಂಬ ಕೀಮೋ ಮಾತ್ರೆ ನುಂಗುವವರು ಮೇಲಿಂದ ಫೋಲಿಕ್ ಆಸಿಡ್ ತಗೊಂಡರೆ ಭೇದಿ, ಬಾಯಿಹುಣ್ಣು ಜಾಸ್ತಿ ಆಗುತ್ತದೆ. ಒಂದೇ ವಿಟಮಿನ್ ಒಂದು ಕಡೆ ಕಾಪಾಡುತ್ತದೆ, ಇನ್ನೊಂದು ಕಡೆ ಕಾಡುತ್ತದೆ. ರಕ್ತಪರೀಕ್ಷೆಯಲ್ಲಿ ಬಿ12, ಡಿ ಕಡಿಮೆ ಬಂದರೆ ಡಾಕ್ಟರ್ ಕೊಡುತ್ತಾರೆ, ಅದನ್ನು ತಪ್ಪದೆ ತಗೊಳ್ಳಬೇಕು.

ಅರಿಶಿನ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಏನೂ ಭಯ ಬೇಡ. ಕ್ಯಾಪ್ಸೂಲ್ ಬೇರೆ. ಅರಿಶಿನದ ಸತ್ವ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು ಅದಕ್ಕೆ ಕರಿಮೆಣಸಿನ ಪೈಪರಿನ್ ಬೆರೆಸಿರುತ್ತಾರೆ. ಪೈಪರಿನ್ ಬೇರೆ ಔಷಧಗಳ ಲೆಕ್ಕವನ್ನೂ ಕೆಡಿಸುತ್ತದೆ. ಸ್ತನ ಕ್ಯಾನ್ಸರಿನವರಿಗೆ ಕೀಮೋ ಮುಗಿದ ಮೇಲೆ ಎಷ್ಟೋ ಸಲ ಟಾಮಾಕ್ಸಿಫೆನ್ ಮಾತ್ರೆ ಕೊಡುತ್ತಾರೆ. 2019ರಲ್ಲಿ ನೆದರ್ಲೆಂಡ್ಸಿನವರು ಟಾಮಾಕ್ಸಿಫೆನ್ ನುಂಗುವ ಕೆಲವರಿಗೆ ಅರಿಶಿನದ ಸತ್ವ ಮತ್ತು ಪೈಪರಿನ್ ಕೊಟ್ಟು ನೋಡಿದಾಗ ಆ ಔಷಧದ ಮಟ್ಟ ರಕ್ತದಲ್ಲಿ ಇಳಿದಿತ್ತು. ಡಬ್ಬಿ ಹಿಂದೆ ತಿರುಗಿಸಿ ನೋಡಿ, ಪೈಪರಿನ್ ಇದೆಯೋ ಇಲ್ಲವೋ.

ಈಗ ಅನ್ನದ ಮಾತು. ಕ್ಯಾನ್ಸರ್ ಕೋಶ ಸಕ್ಕರೆ ಜಾಸ್ತಿ ತಿನ್ನುತ್ತದೆ ಎನ್ನುವುದು ಸುಳ್ಳಲ್ಲ. ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ತೋರಿಸಿದರು. ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯುವುದೂ ಇದಕ್ಕೇ. ಸ್ವಲ್ಪ ವಿಕಿರಣ ಇರುವ ಸಕ್ಕರೆ ಚುಚ್ಚುತ್ತಾರೆ, ಗಡ್ಡೆ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ನಿಮ್ಮ ಬಂಧುಗಳು ಇಲ್ಲಿವರೆಗೆ ಸರಿ. ಆದರೆ ಅನ್ನ ನಿಲ್ಲಿಸಿದರೆ ರಕ್ತದಲ್ಲಿ ಸಕ್ಕರೆ ನಿಲ್ಲುವುದಿಲ್ಲ. ಮೆದುಳಿಗೆ ಬೇಕಲ್ಲ, ಹಾಗಾಗಿ ಲಿವರ್ ಅದನ್ನು ತಯಾರಿಸಿಯೇ ತಯಾರಿಸುತ್ತದೆ. ಯಾವುದರಿಂದ? ತೋಳು, ತೊಡೆಯ ಮಾಂಸಖಂಡ ಕರಗಿಸಿ. ಗಡ್ಡೆಗೆ ಅದರ ಪಾಲು ಸಿಗುತ್ತದೆ, ಸೊರಗುವವರು ನಿಮ್ಮ ತಾಯಿ. ತೂಕ ಇಳಿದು, ರಕ್ತ ಇಳಿದರೆ ಕೀಮೋ ಮುಂದಕ್ಕೆ ಹಾಕುತ್ತಾರೆ, ಇಲ್ಲವೇ ಡೋಸ್ ಕಡಿಮೆ ಮಾಡುತ್ತಾರೆ. ಅದು ಗಡ್ಡೆಗೆ ಲಾಭ. ನಮ್ಮ ಅಕ್ಕನಿಗೆ ಒಂದು ಸಲ ಹಾಗೆ ಹತ್ತು ದಿನ ಮುಂದೆ ಹೋಯಿತು. ಆ ಹತ್ತು ದಿನ ನಾವು ಕಳೆದದ್ದು ಹೇಳತೀರದು.

ಆಮೇಲೆ ಅಕ್ಕನನ್ನು ಉಳಿಸಿಕೊಂಡದ್ದು ಊಟದಿಂದ. ಆಸ್ಪತ್ರೆಯ ಡಯೆಟಿಷಿಯನ್ ದಿನಕ್ಕೆ ಒಂದು ಕೆಜಿ ತೂಕಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನ್ ಬೇಕು ಎಂದರು. 50 ಕೆಜಿಗೆ 50ರಿಂದ 75 ಗ್ರಾಂ. ಮೊದಲು ಹೆದರಿದೆವು. ಆದರೆ ನಮ್ಮ ಅಡುಗೆಮನೆಯಲ್ಲೇ ಅದು ಇತ್ತು. ಒಂದು ತತ್ತಿಗೆ 6 ಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿಗೆ ಸುಮಾರು 10, ತೊಗರಿಬೇಳೆಗೆ 22, ಶೇಂಗಾಕ್ಕೆ 25ರ ಹತ್ತಿರ. ಬಾಯಿಹುಣ್ಣು ಇದ್ದಾಗ ಖಾರಬ್ಯಾಳಿ, ಮಿರ್ಚಿ ಎಲ್ಲ ಬಂದ್. ಜೋಳದ ನುಚ್ಚು ಮೆತ್ತಗೆ ಬೇಯಿಸಿ, ತಣ್ಣಗೆ ಮಾಡಿ, ಮನೆಯ ಮಜ್ಜಿಗೆ ಕಲಸಿ ಕೊಟ್ಟರೆ ಇಳಿಯುತ್ತಿತ್ತು. ಒಮ್ಮೆಗೇ ತಟ್ಟೆ ತುಂಬ ಬಡಿಸಿದರೆ ನೋಡಿಯೇ ಬೇಡ ಎನ್ನುತ್ತಿದ್ದಳು. ಎರಡು ತಾಸಿಗೊಮ್ಮೆ ಸಣ್ಣ ಬಟ್ಟಲಲ್ಲಿ ಕೊಡಲು ಶುರು ಮಾಡಿದೆವು. ಬಿಸಿ ಅಡುಗೆಯ ವಾಸನೆಗೆ ವಾಕರಿಕೆ ಬರುತ್ತಿತ್ತು, ತಣ್ಣಗಿನದು ಸೇರುತ್ತಿತ್ತು. ತತ್ತಿಯನ್ನು ಗಟ್ಟಿಯಾಗಿ ಬೇಯಿಸಿಯೇ ಕೊಡಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಹೊರಗಿನ ಕೊಯ್ದಿಟ್ಟ ಹಣ್ಣು, ಹಸಿ ಕೋಸಂಬರಿ ಬೇಡ. ಡಬ್ಬಿಗಳಿಗೆ ತಿಂಗಳಿಗೆ ಹೋಗುತ್ತಿದ್ದ ದುಡ್ಡು ತತ್ತಿಗೆ, ಹಾಲಿಗೆ, ಬೇಳೆಗೆ ಹೋಯಿತು. ಕೊನೆಯ ಕೀಮೋ ಹೊತ್ತಿಗೆ ತೂಕ 51.

ವಾಟ್ಸ್ಆ್ಯಪಿನಲ್ಲಿ ಬರುವ ಎರಡರ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮಗೂ ಬಂದೇ ಬರುತ್ತವೆ. "ವಿಟಮಿನ್ ಬಿ17" ಎಂಬುದು ವಿಟಮಿನ್ನೇ ಅಲ್ಲ. ಜರ್ದಾಳು ಬೀಜದಿಂದ ಬರುವ ಅದು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. 1982ರಲ್ಲಿ 178 ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು, ಏನೂ ಉಪಯೋಗ ಆಗಲಿಲ್ಲ, ಕೆಲವರ ರಕ್ತದಲ್ಲಿ ವಿಷ ಏರಿತು. ಲಕ್ಷ್ಮಣ ಫಲದ ಎಲೆ ಕಷಾಯವೂ ಬೇಡ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೋಶ ಸತ್ತಿದ್ದನ್ನೇ ಜನ ಔಷಧ ಎಂದು ಹಂಚುತ್ತಾರೆ. ಗಾಜಿನ ತಟ್ಟೆಯಲ್ಲಿ ಫಿನಾಯಿಲ್ ಹಾಕಿದರೂ ಕೋಶ ಸಾಯುತ್ತದೆ.

ಕೊನೆಗೆ ಬೆಲ್ಲ. ಶುಗರ್ ಇಲ್ಲ ಎಂದಿದ್ದೀರಿ, ಹಾಗಾದರೆ ಸ್ವಲ್ಪ ಬೆಲ್ಲದಿಂದ ತೊಂದರೆ ಇಲ್ಲ. ಚಿಕಿತ್ಸೆ ಎಲ್ಲ ಮುಗಿದು ತಾಯಿ ಚೇತರಿಸಿಕೊಂಡ ಮೇಲೆ ತೂಕ ವಿಪರೀತ ಏರದಂತೆ ನೋಡಿಕೊಳ್ಳಬೇಕು. ಆಗ ಸಿಹಿ ಕಡಿಮೆ ಮಾಡಿದರಾಯಿತು. ಈಗ ಒಂದು ಶೇಂಗಾ ಉಂಡಿ ತಿಂದರೆ ಸಂತೋಷಪಡಿ.

ಆದರೆ ಶೇಂಗಾ ಆರಿಸಿ. ಇದು ಕ್ಯಾನ್ಸರಿಗೂ ಊಟಕ್ಕೂ ಇರುವ ನೇರ ನಂಟು, ಇದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ. ಹಸಿ ಆರದೆ ಚೀಲಕ್ಕೆ ತುಂಬಿದ ಶೇಂಗಾಕ್ಕೆ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿದೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಇಂಥದ್ದೇ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಜಾಸ್ತಿ ಜನ ಸತ್ತರು. ಹುರಿದರೆ ಪೂರ್ತಿ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಒಳ್ಳೆಯದು ಮಾರಾಟಕ್ಕೆ, ಮುರುಕು, ಕಪ್ಪಾದದ್ದು ಚಟ್ನಿಪುಡಿಗೆ ಎಂದು ಇಡುವ ರೂಢಿ ಇದೆ. ನಿಮ್ಮಲ್ಲೂ ಇದ್ದರೆ ಬಿಡಿ. ಅಗಲ ತಟ್ಟೆಗೆ ಸುರಿದು, ಬೆಳಕಿನಲ್ಲಿ ಕೂತು, ಸುಕ್ಕಾದದ್ದು, ಬಣ್ಣ ತಿರುಗಿದ್ದು, ಕಹಿ ವಾಸನೆ ಬಂದದ್ದು ತೆಗೆದು ಹೊರಗೆ ಹಾಕಿ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ. ಉಳಿದದ್ದನ್ನು ಹುರಿದು, ಸಿಪ್ಪೆ ತೂರಿ, ಬೆಲ್ಲ ಸೇರಿಸಿ ಸಣ್ಣ ಸಣ್ಣ ಉಂಡಿ ಕಟ್ಟಿ. ಬಾಯಿಹುಣ್ಣು ಇಲ್ಲದ ದಿನ ತಾಯಿಯ ಕೈಗೆ ಒಂದು ಕೊಡಿ. ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಡಿ, ಮೂರನೇ ಕೀಮೋಗೆ ಹೊರಡುವಾಗ ಮರೆಯದೆ ಎತ್ತಿಕೊಳ್ಳಬಹುದು.